ಬೆನ್ನಿಗೇರುವ ನೀರಿನ ಚೀಲ: ಆಯ್ಕೆ, ಲೆಕ್ಕ ಮತ್ತು ಹೊಣೆ

ಮಳೆ ಕಡಿಮೆ ಬೀಳುವ ಚಿತ್ರದುರ್ಗ ಸೀಮೆಯವರಿಗೆ ನೀರನ್ನು ಕೂಡಿಟ್ಟು ಅಳೆದು ಬಳಸುವ ವಿದ್ಯೆ ಹೊಸದೇನೂ ಅಲ್ಲ. ಏಳುಸುತ್ತಿನ ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಮೇಲಿನ ಹೊಂಡ ತುಂಬಿದ ಬಳಿಕ ನೀರು ಕೆಳಗಿನದಕ್ಕೆ ಇಳಿಯುವಂತೆ ಕಟ್ಟಿದ ಆ ವ್ಯವಸ್ಥೆ ಇಲ್ಲದಿದ್ದರೆ ದೀರ್ಘಕಾಲದ ಮುತ್ತಿಗೆಗಳನ್ನು ಕೋಟೆಯೊಳಗಿನವರು ತಾಳಿಕೊಳ್ಳುವುದು ಸಾಧ್ಯವಿರಲಿಲ್ಲ. ಊರಿಗೆ ಹೊಂಡ ಹೇಗೋ, ಬಿಸಿಲಿನಲ್ಲಿ ನಡೆಯುವ ಒಬ್ಬ ವ್ಯಕ್ತಿಗೆ ಅವನ ಬೆನ್ನ ಮೇಲಿನ ನೀರಿನ ಚೀಲವೂ ಹಾಗೆಯೇ.

ಇತ್ತೀಚಿನ ವರ್ಷಗಳಲ್ಲಿ ಹೈಡ್ರೇಷನ್ ಪ್ಯಾಕ್ ಎಂಬ ಹೆಸರಿನ ಈ ಚೀಲಗಳು ನಮ್ಮ ಕ್ರೀಡಾ ಸಾಮಗ್ರಿ, ಬ್ಯಾಗು ಮತ್ತು ಸಮವಸ್ತ್ರದ ಅಂಗಡಿಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಕಾಲೇಜುಗಳ ಎನ್‌ಸಿಸಿ ಕೆಡೆಟ್‌ಗಳು, ಸೇನಾ ಭರ್ತಿಗಾಗಿ ಅಭ್ಯಾಸ ಮಾಡುವ ಯುವಕರು, ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲಿರುವ ಪೊಲೀಸ್ ತರಬೇತಿ ಶಾಲೆಯಂತಹ ಸಂಸ್ಥೆಗಳಿಗೆ ಸೇರುವವರು, ಜೋಗಿಮಟ್ಟಿ ಮತ್ತು ಚಂದ್ರವಳ್ಳಿಯತ್ತ ನಡೆಯುವವರು, ರಜಾದಿನಗಳಲ್ಲಿ ಮಲೆನಾಡಿನ ಬೆಟ್ಟಗಳಿಗೆ ಚಾರಣ ಹೋಗುವವರು, ಇವರೆಲ್ಲರೂ ಇದರ ಸಂಭಾವ್ಯ ಗ್ರಾಹಕರು. ಈ ಸರಕನ್ನು ಕೊಳ್ಳುವವರು, ಮಾರುವವರು ಹಾಗೂ ಹೊಲಿಯಲು ಮನಸ್ಸು ಮಾಡಬಹುದಾದ ಸಣ್ಣ ತಯಾರಕರು, ಈ ಮೂವರಿಗೂ ಉಪಯೋಗವಾಗುವಂತೆ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಲೇಖನದ ಸಾರಾಂಶವನ್ನು ಮೊದಲೇ ಹೇಳುವುದಾದರೆ, ಈ ಚೀಲದ ಯೋಗ್ಯತೆ ನಿರ್ಧಾರವಾಗುವುದು ಅಂಗಡಿಯ ಗೋಡೆಯಲ್ಲಿ ತೂಗುವ ಹೊರಚೀಲದಿಂದಲ್ಲ. ಕಣ್ಣಿಗೆ ಬೀಳದ ಒಳಚೀಲದಿಂದ ಮತ್ತು ಅದರ ಜೊತೆಗೆ ಬರುವ ಕಾಗದಪತ್ರಗಳಿಂದ.

1. ವಸ್ತುವಿನ ಪರಿಚಯ

ನೀರನ್ನು ಚೀಲದಲ್ಲಿ ಒಯ್ಯುವುದು ನಮ್ಮಲ್ಲಿ ಹಳೆಯ ಪದ್ಧತಿ. ತೊಗಲಿನ ಪಖಾಲಿಯಲ್ಲಿ ನೀರು ಹೊರುತ್ತಿದ್ದ ಕಾಲವಿತ್ತು. ದೂರಪ್ರಯಾಣದ ಲಾರಿಗಳ ಮುಂಭಾಗದಲ್ಲಿ ಕ್ಯಾನ್ವಾಸಿನ ನೀರುಚೀಲ ತೂಗುತ್ತಿದ್ದುದನ್ನು ಹಿರಿಯ ಸದಸ್ಯರು ಕಂಡಿರಬಹುದು. ಬಟ್ಟೆಯ ಮೂಲಕ ಜಿನುಗಿದ ನೀರು ಗಾಳಿಗೆ ಆವಿಯಾಗುವಾಗ ಒಳಗಿನ ನೀರು ತಂಪಾಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕರ ಎನಾಮಲ್ ಬಾಟಲಿಗೆ ಉಣ್ಣೆಯ ಫೆಲ್ಟ್ ಹೊದಿಕೆ ಇರುತ್ತಿತ್ತು. ಹೊದಿಕೆಯನ್ನು ಒದ್ದೆ ಮಾಡಿದರೆ ಅಲ್ಲಿಯೂ ಅದೇ ತತ್ತ್ವದಿಂದ ನೀರು ತಣ್ಣಗಿರುತ್ತಿತ್ತು.

ಈಗಿನ ರೂಪದ ಚೀಲ ಹುಟ್ಟಿದ್ದು 1980ರ ದಶಕದ ಕೊನೆಯಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ. ಕಡುಬೇಸಿಗೆಯಲ್ಲಿ ನಡೆಯುವ ದೂರದ ಸೈಕಲ್ ಸ್ಪರ್ಧೆಯೊಂದಕ್ಕೆ ಹೊರಟಿದ್ದ ಮೈಕೆಲ್ ಐಡ್ಸನ್ ಎಂಬ ತುರ್ತು ವೈದ್ಯಕೀಯ ಸೇವೆಯ ನೌಕರರು, ಆಸ್ಪತ್ರೆಯ ಸಲೈನ್ ಚೀಲದಲ್ಲಿ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ಇರಿಸಿ, ಅಂಗಿಯ ಬೆನ್ನಿಗೆ ಜೋಡಿಸಿ, ಕೊಳವೆಯನ್ನು ಭುಜದ ಮೇಲಿಂದ ಬಾಯಿಯವರೆಗೆ ತಂದುಕೊಂಡರು. ಆ ಉಪಾಯವೇ ಮುಂದೆ ಕ್ಯಾಮೆಲ್‌ಬ್ಯಾಕ್ ಎಂಬ ವ್ಯಾಪಾರ ಹೆಸರಾಗಿ ಬೆಳೆಯಿತು. ಬಳಿಕ ಹಲವು ಸೇನೆಗಳೂ ಈ ಪದ್ಧತಿಯನ್ನು ಅನುಸರಿಸಿದವು.

ಈ ಸರಕಿನಲ್ಲಿ ಮೂರು ಭಾಗಗಳಿವೆ. ಬ್ಲಾಡರ್ ಎಂದು ವ್ಯಾಪಾರದಲ್ಲಿ ಕರೆಯುವ ನೀರಿನ ಒಳಚೀಲ ಮೊದಲನೆಯದು. ಅದರಿಂದ ಬಾಯಿಗೆ ಬರುವ ಕೊಳವೆ ಮತ್ತು ಅದರ ತುದಿಯಲ್ಲಿ ಹಲ್ಲಿನಿಂದ ಕಚ್ಚಿದಾಗ ಮಾತ್ರ ತೆರೆಯುವ ವಾಲ್ವ್ ಎರಡನೆಯದು. ಇವೆರಡನ್ನೂ ಹೊರುವ ಬಟ್ಟೆಯ ಹೊರಚೀಲ ಮೂರನೆಯದು. ನಡಿಗೆಯನ್ನು ನಿಲ್ಲಿಸದೆ, ಕೈಗಳನ್ನು ಬಳಸದೆ ಆಗಾಗ ಗುಟುಕು ನೀರು ಕುಡಿಯಬಹುದೆಂಬುದೇ ಇದರ ಮುಖ್ಯ ಪ್ರಯೋಜನ. ನೀರು ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದು ಬಾಟಲಿಯಲ್ಲಿ ಕಾಣುವಂತೆ ಇಲ್ಲಿ ಕಣ್ಣಿಗೆ ಕಾಣುವುದಿಲ್ಲವೆಂಬುದು ಮುಖ್ಯ ಕೊರತೆ. ಆದುದರಿಂದ ಚಾರಣದ ಪ್ರತಿ ವಿಶ್ರಾಂತಿಯಲ್ಲಿಯೂ ಚೀಲ ತೆರೆದು ನೋಡುವ ಅಭ್ಯಾಸವಿರಬೇಕು.

2. ಎಷ್ಟು ಲೀಟರಿನದು ಬೇಕು?

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವುದು 1.5, 2 ಮತ್ತು 3 ಲೀಟರ್ ಅಳತೆಯವು. ಸಾಧಾರಣ ಹವೆಯಲ್ಲಿ ನಡೆಯುವವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕಾಗುತ್ತದೆ. ಬಿಸಿಲು, ಏರು ಮತ್ತು ಹೊರೆ ಹೆಚ್ಚಿದಂತೆ ಈ ಪ್ರಮಾಣ ಒಂದು ಲೀಟರಿನವರೆಗೆ ಏರಬಹುದು. ಹೆಚ್ಚು ಕುಡಿದಷ್ಟೂ ಒಳ್ಳೆಯದೆಂಬ ತಿಳಿವಳಿಕೆ ಸರಿಯಲ್ಲ. ಅಮೆರಿಕದ ಸೇನೆಯ ತರಬೇತಿ ಸೂಚನೆಯಲ್ಲಿ ಗಂಟೆಗೆ ಸುಮಾರು 1.4 ಲೀಟರ್ ಮತ್ತು ದಿನಕ್ಕೆ ಸುಮಾರು 11.4 ಲೀಟರ್ ಎಂಬ ಗರಿಷ್ಠ ಮಿತಿಯನ್ನು ವಿಧಿಸಲಾಗಿದೆ. ಬೆವರಿನಲ್ಲಿ ಉಪ್ಪು ಹೊರಹೋಗುತ್ತಿರುವಾಗ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಾಪಾಯವಾಗಬಹುದೆಂಬುದೇ ಅದರ ಕಾರಣ. ನೀರಿನ ಜೊತೆಗೆ ಉಪ್ಪಿನಂಶವುಳ್ಳ ಆಹಾರವೂ, ನೆರಳಿನಲ್ಲಿ ವಿಶ್ರಾಂತಿಯೂ ಬೇಕು. ಚೀಲವೊಂದೇ ಬಿಸಿಲಾಘಾತದಿಂದ ಕಾಪಾಡುವುದಿಲ್ಲ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಎಂಬುದನ್ನೂ ಮರೆಯಬಾರದು. 40 ಕಿಲೋ ತೂಕದ ಕಿರಿಯ ಕೆಡೆಟ್ ಒಬ್ಬನಿಗೆ 3 ಲೀಟರಿನ ಚೀಲ ತುಂಬಿ ಹೊರಿಸಿದರೆ, ನೀರಿನ ಭಾರವೇ ಅವನ ದೇಹತೂಕದ ಶೇ. 7.5 ಆಗುತ್ತದೆ. ಕೋಟೆಯನ್ನು ಹತ್ತಿ ಇಳಿಯುವ ಬೆಳಗಿನ ನಡಿಗೆಗೆ 1.5 ಲೀಟರ್ ಸಾಕು. ಅರ್ಧ ದಿನದ ಚಾರಣಕ್ಕೆ 2 ಲೀಟರ್ ಸೂಕ್ತ. ದಾರಿಯಲ್ಲಿ ನಂಬಬಹುದಾದ ನೀರಿನ ಮೂಲವಿಲ್ಲದ ಪೂರ್ಣ ದಿನದ ನಡಿಗೆಗೆ 3 ಲೀಟರ್ ಬೇಕು. ಅನುಮಾನವಿದ್ದಲ್ಲಿ ದೊಡ್ಡ ಚೀಲವನ್ನೇ ಕೊಂಡು, ಅಗತ್ಯವಿದ್ದಷ್ಟು ಮಾತ್ರ ತುಂಬುವುದು ಜಾಣತನ.

3. ಒಳಚೀಲದ ಪರೀಕ್ಷೆ

ಒಳಚೀಲವು ಹೆಚ್ಚಾಗಿ ಟಿಪಿಯು, ಇವಿಎ ಅಥವಾ ಪಿವಿಸಿ ಎಂಬ ಪ್ಲಾಸ್ಟಿಕ್‌ಗಳಿಂದ ತಯಾರಾಗುತ್ತದೆ. ಪಿವಿಸಿ ಸ್ವಭಾವತಃ ಗಡುಸಾದುದರಿಂದ ಅದನ್ನು ಮೆದುಗೊಳಿಸಲು ಬೇರೆ ರಾಸಾಯನಿಕಗಳನ್ನು ಬೆರೆಸಬೇಕಾಗುತ್ತದೆ. ಹೊಸ ಚೀಲ ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಗೆ ಹಲವು ವೇಳೆ ಇದೇ ಕಾರಣ. ಟಿಪಿಯುಗೆ ಅಂತಹ ಬೆರಕೆ ಬೇಕಿಲ್ಲ. ಅದು ಮಡಿಚುವಿಕೆಯನ್ನೂ ಉಜ್ಜಾಟವನ್ನೂ ಚೆನ್ನಾಗಿ ತಾಳುತ್ತದೆ, ಬೆಲೆಯೂ ಹೆಚ್ಚು. ತರಬೇತಿಯ ಬಳಕೆಗೆ ಟಿಪಿಯು ಒಳಚೀಲವನ್ನೇ ಕೇಳಿ ಪಡೆಯುವುದು ಯೋಗ್ಯ.

ಪೊಟ್ಟಣದ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ "ಬಿಪಿಎ ರಹಿತ" ಎಂಬ ಮಾತಿಗೆ ಮಾತ್ರ ಮರುಳಾಗಬೇಕಿಲ್ಲ. ಬಿಪಿಎ ಮುಖ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ಗೆ ಸಂಬಂಧಿಸಿದ ವಸ್ತು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದುದು, ಈ ಪ್ಲಾಸ್ಟಿಕ್ ಆಹಾರ ಮತ್ತು ಕುಡಿಯುವ ನೀರಿನ ಸಂಪರ್ಕಕ್ಕೆ ಯೋಗ್ಯವೆಂಬ ಪರೀಕ್ಷಾ ವರದಿ ಇದೆಯೇ ಎಂಬುದು. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಅಂಶಗಳನ್ನು ಅಳೆಯಲು ಐಎಸ್ 9845 ಎಂಬ ಭಾರತೀಯ ಮಾನಕವಿದೆ. ಸಗಟು ಮಾರಾಟಗಾರರಿಂದ ಆ ವರದಿಯ ಪ್ರತಿಯನ್ನು ಕೇಳುವುದಕ್ಕೆ ಸಂಕೋಚ ಬೇಡ.

ಒಳಚೀಲ ಸೋರುವುದು ಸಾಮಾನ್ಯವಾಗಿ ಮೂರು ಕಡೆಗಳಲ್ಲಿ: ಅಂಚಿನ ಬೆಸುಗೆ, ಕೊಳವೆ ಸೇರುವ ಜಾಗ ಮತ್ತು ನೀರು ತುಂಬುವ ಬಾಯಿ. ಇದಕ್ಕೆ ಅಂಗಡಿಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯಿದೆ. ಚೀಲವನ್ನು ತುಂಬಿ ಮುಚ್ಚಿ, ಒಣ ಕಾಗದದ ಮೇಲೆ ಮಲಗಿಸಿ, ಮೇಲೆ ಹಲಗೆಯಿಟ್ಟು, ಅದರ ಮೇಲೆ ಐದಾರು ಕಿಲೋ ತೂಕವನ್ನು ರಾತ್ರಿಯಿಡೀ ಇರಿಸಬೇಕು. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಆ ಚೀಲವನ್ನು ತಿರಸ್ಕರಿಸಬೇಕು. 24 ನಗದ ಪೆಟ್ಟಿಗೆಯಿಂದ ಕನಿಷ್ಠ ಎರಡನ್ನು ಹೀಗೆ ಪರೀಕ್ಷಿಸಿದ ಬಳಿಕವೇ ಸರಕನ್ನು ಒಪ್ಪಿಕೊಳ್ಳುವುದು ಒಳ್ಳೆಯ ಕ್ರಮ. ಬಾಯಿಯೊಳಗೆ ಕೈ ಹೋಗುವಷ್ಟು ಅಗಲವಿದ್ದರೆ ತೊಳೆಯುವುದು ಸುಲಭ. ವಾಲ್ವ್‌ಗೆ ಧೂಳು ಮುಚ್ಚಳವೂ, ನೀರು ನಿಲ್ಲಿಸುವ ತಿರುಗುಣಿಯೂ ಇರಬೇಕು. ನೆಲದ ಮೇಲೆ ತೆವಳುವ ತರಬೇತಿಯಲ್ಲಿ ಮುಚ್ಚಳವಿಲ್ಲದ ವಾಲ್ವ್ ನಿರುಪಯುಕ್ತ.

4. ಹೊರಚೀಲ ಮತ್ತು ಹೊಲಿಗೆ

ಬಟ್ಟೆಯ ಗಟ್ಟಿತನವನ್ನು ಡೆನಿಯರ್ ಎಂಬ ಅಳತೆಯಿಂದ ಸೂಚಿಸುತ್ತಾರೆ. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. 210 ಡೆನಿಯರ್ ಬಟ್ಟೆ ಹಗುರ. ಹಾದಿಯ ನಡಿಗೆಗೆ ಸಾಕು. ಕಲ್ಲು, ಮುಳ್ಳುಕಂಟಿ ಮತ್ತು ತೆವಳಾಟಕ್ಕೆ 500 ಡೆನಿಯರ್ ಅಥವಾ ಅದಕ್ಕೂ ಮೇಲ್ಪಟ್ಟ ನೈಲಾನ್ ಬೇಕು. ಅದೇ ಡೆನಿಯರ್‌ನಲ್ಲಿ ನೈಲಾನ್ ಬಟ್ಟೆಯು ಪಾಲಿಯೆಸ್ಟರಿಗಿಂತ ಉಜ್ಜಾಟವನ್ನು ಸಾಮಾನ್ಯವಾಗಿ ಹೆಚ್ಚು ತಾಳುತ್ತದೆ. ಬಿಸಿಲಿಗೆ ಬಣ್ಣ ಮಾಸದಿರುವುದರಲ್ಲಿ ಪಾಲಿಯೆಸ್ಟರ್ ಮುಂದು.

ಹೊಲಿಗೆಯಲ್ಲಿ ನೋಡಬೇಕಾದುದು ಭುಜದ ಪಟ್ಟಿಗಳು ಚೀಲಕ್ಕೆ ಸೇರುವ ಜಾಗ. ಅಲ್ಲಿ ಒತ್ತೊತ್ತಾದ ಅಡ್ಡಹೊಲಿಗೆ ಇರಬೇಕು. ತುಂಬಿದ ಚೀಲದ ಭಾರವೆಲ್ಲ ಬೀಳುವುದು ಆ ಒಂದಂಗುಲದ ಮೇಲೆ. ಎದೆಯ ಪಟ್ಟಿ ಇದ್ದರೆ ಓಡುವಾಗ ಚೀಲ ಕುಣಿಯುವುದಿಲ್ಲ. ಬೆನ್ನಿಗೆ ತಾಗುವ ಭಾಗದಲ್ಲಿ ಗಾಳಿಯಾಡುವ ಜಾಲರಿ ಇರಬೇಕು. ಒಳಚೀಲವನ್ನು ಮೇಲ್ತುದಿಯಿಂದ ತೂಗುಹಾಕಲು ಕೊಕ್ಕೆ ಅಥವಾ ಕುಣಿಕೆ ಇಲ್ಲದಿದ್ದರೆ, ನೀರು ಖಾಲಿಯಾದಂತೆ ಒಳಚೀಲ ತಳಕ್ಕೆ ಕುಸಿದು ಕೊಳವೆ ಮಡಿಚಿಕೊಂಡು ನೀರು ಬಾರದಂತಾಗುತ್ತದೆ.

5. ಸೈನಿಕ ತರಬೇತಿಗೂ ಚಾರಣಕ್ಕೂ ಇರುವ ವ್ಯತ್ಯಾಸ

ಚಾರಣಿಗನಿಗೆ ನೀರಿನ ಜೊತೆಗೆ ತಿಂಡಿ, ಮಳೆಯಂಗಿ, ಔಷಧಿಗಳಿಗೆ ಜಾಗ ಬೇಕು. ಆದುದರಿಂದ 10ರಿಂದ 20 ಲೀಟರ್ ಸಾಮಾನು ಹಿಡಿಸುವ, ಒಳಚೀಲಕ್ಕೆ ಪ್ರತ್ಯೇಕ ಕೋಣೆಯುಳ್ಳ ಬೆನ್ನಚೀಲ ಸೂಕ್ತ. ಕಾಡಿನ ನಡುವೆ ಸುಲಭವಾಗಿ ಗುರುತು ಸಿಗುವಂತೆ ಬಣ್ಣ ಎದ್ದು ಕಾಣಬೇಕು.

ತರಬೇತಿಯಲ್ಲಿರುವವನ ಸ್ಥಿತಿ ಬೇರೆ. ಅವನ ಬೆನ್ನ ಮೇಲೆ ದೊಡ್ಡ ಹೊರೆ ಮೊದಲೇ ಇರುತ್ತದೆ. ಅವನಿಗೆ ಬೇಕಾದುದು ಆ ಹೊರೆಯೊಳಗೆ ಸೇರುವ ಅಥವಾ ಅದಕ್ಕೆ ಕಟ್ಟಿಕೊಳ್ಳಬಹುದಾದ, ಜೇಬುಗಳಿಲ್ಲದ, ತೆಳ್ಳನೆಯ ಚೀಲ. ಬಣ್ಣ ಮಂಕಾಗಿರಬೇಕು, ಬಕಲ್‌ಗಳು ಹೊಳೆಯಬಾರದು, ನೀರು ಕುಲುಕುವ ಸದ್ದು ಬರಬಾರದು. ನೀರು ತುಂಬಿ ಮುಚ್ಚಿದ ಬಳಿಕ ಚೀಲವನ್ನು ತಲೆಕೆಳಗು ಮಾಡಿ ಕೊಳವೆಯಿಂದ ಒಳಗಿನ ಗಾಳಿಯನ್ನು ಹೀರಿ ತೆಗೆದರೆ ಕುಲುಕಾಟ ನಿಲ್ಲುತ್ತದೆ.

ಮತ್ತೊಂದು ಮಾತು. ತರಬೇತಿ ಕೇಂದ್ರಗಳು ಹಲವು ಸಾಮಗ್ರಿಗಳನ್ನು ತಾವೇ ಒದಗಿಸುತ್ತವೆ; ಹೊರಗಿನದನ್ನು ಅನುಮತಿಸದೆಯೂ ಇರಬಹುದು. ಭರ್ತಿಯಾದ ಮಗನಿಗೆಂದು ಸಾವಿರಾರು ರೂಪಾಯಿಯ ಚೀಲ ಕೇಳಿಬರುವ ತಂದೆಗೆ, ಮೊದಲು ಕೇಂದ್ರದ ಪಟ್ಟಿಯನ್ನು ನೋಡಿಕೊಳ್ಳುವಂತೆ ಹೇಳುವುದು ಮಾರುವವರ ಧರ್ಮ. ಇಂದು ಒಂದು ಮಾರಾಟ ತಪ್ಪಿದರೂ ಗಿರಾಕಿ ತಪ್ಪುವುದಿಲ್ಲ.

6. ಶುಚಿತ್ವ

ಈ ಸರಕಿನ ಬಗ್ಗೆ ಬರುವ ದೂರುಗಳಲ್ಲಿ ಸೋರಿಕೆಯ ನಂತರದ ಸ್ಥಾನ ಬೂಷ್ಟಿನದು. ಕೊಳವೆಯೊಳಗೆ ಉಳಿದ ತೇವದಲ್ಲಿ ಅದು ಬೇಗನೆ ಬೆಳೆಯುತ್ತದೆ. ಪಾನಕ, ಗ್ಲೂಕೋಸ್, ಓಆರ್‌ಎಸ್ ಮುಂತಾದ ಸಿಹಿಯಿರುವ ದ್ರವಗಳನ್ನು ಒಳಚೀಲದಲ್ಲಿ ತುಂಬಬಾರದು. ಅವುಗಳಿಗೆ ಬೇರೊಂದು ಬಾಟಲಿ ಇರಲಿ. ಪ್ರತಿ ಬಳಕೆಯ ನಂತರ ಉಗುರುಬೆಚ್ಚಗಿನ ನೀರು ಮತ್ತು ಅಡಿಗೆ ಸೋಡಾದಿಂದ ತೊಳೆದು, ಕೊಳವೆಯನ್ನು ಬಿಡಿಸಿ, ಉದ್ದನೆಯ ಕುಂಚದಿಂದ ಉಜ್ಜಿ, ಬಾಯಿ ತೆರೆದು ನೆರಳಿನಲ್ಲಿ ತೂಗುಹಾಕಿ ಪೂರ್ತಿ ಒಣಗಿಸಬೇಕು. ಕುದಿಯುವ ನೀರನ್ನು ಹಾಕಬಾರದು, ಬೆಸುಗೆ ಸಡಿಲವಾಗಬಹುದು. ನೀರು ತುಂಬಿದ ಚೀಲವನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಈ ಸೂಚನೆಗಳನ್ನು ಕನ್ನಡದಲ್ಲಿ ಅರ್ಧ ಹಾಳೆಯಲ್ಲಿ ಮುದ್ರಿಸಿ ಪ್ರತಿ ಚೀಲದೊಡನೆ ಕೊಡುವುದು ಕೆಲವೇ ಪೈಸೆಗಳ ಖರ್ಚು. ಅದರಿಂದ ಕಾನೂನಿನ ದೃಷ್ಟಿಯಲ್ಲಿ ಆಗುವ ಪ್ರಯೋಜನವನ್ನು 8ನೆಯ ಭಾಗದಲ್ಲಿ ಕಾಣಬಹುದು.

7. ಬೆಲೆಯ ಲೆಕ್ಕ

ಕೊಳ್ಳುವವರ ಲೆಕ್ಕವನ್ನು ಮೊದಲು ನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ತೆರಿಗೆಯನ್ನು ಬಿಟ್ಟು ಲೆಕ್ಕ ಹಾಕಲಾಗಿದೆ. 800 ರೂ.ಗಳ ಚೀಲವೊಂದು 40 ಬಾರಿ ಬಳಸಿದ ನಂತರ ಸೋರತೊಡಗಿ, ಅದಕ್ಕೆ ಬದಲಿ ಒಳಚೀಲ ದೊರೆಯದಿದ್ದರೆ, ಪ್ರತಿ ಬಳಕೆಗೆ ಬಿದ್ದ ವೆಚ್ಚ 20 ರೂ. ಇನ್ನೊಂದು ಚೀಲದ ಬೆಲೆ 2,600 ರೂ. ಅದರ ಒಳಚೀಲ 120 ಬಳಕೆಗೆ ಬರುತ್ತದೆ. ಬಳಿಕ 900 ರೂ.ಗಳ ಬದಲಿ ಒಳಚೀಲ ಹಾಕಿದರೆ ಮತ್ತೆ 120 ಬಳಕೆ. ಒಟ್ಟು 3,500 ರೂ.ಗಳನ್ನು 240ರಿಂದ ಭಾಗಿಸಿದರೆ ಪ್ರತಿ ಬಳಕೆಗೆ ಸುಮಾರು 14.58 ರೂ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಬೆಟ್ಟ ಹತ್ತುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಂಥವರಿಗೆ ಎರಡು ಸಾದಾ ಬಾಟಲಿಗಳೇ ಸಾಕು. ನಿತ್ಯ ಬಳಸುವವರು ಮಾತ್ರ ಬದಲಿ ಒಳಚೀಲ ಮತ್ತು ವಾಲ್ವ್ ಬಿಡಿಯಾಗಿ ದೊರೆಯುವ ಚೀಲವನ್ನೇ ಆರಿಸಬೇಕು.

ಇನ್ನು ಮಾರುವವರ ಲೆಕ್ಕ. 500 ರೂ.ಗಳಿಗೆ ಕೊಂಡು 800 ರೂ.ಗಳಿಗೆ ಮಾರುವ 24 ಚೀಲಗಳಲ್ಲಿ ಹೂಡಿಕೆ 12,000 ರೂ., ಒಟ್ಟು ಲಾಭ 7,200 ರೂ. 1,900 ರೂ.ಗಳಿಗೆ ಕೊಂಡು 2,600 ರೂ.ಗಳಿಗೆ ಮಾರುವ 10 ಚೀಲಗಳಲ್ಲಿ ಹೂಡಿಕೆ 19,000 ರೂ., ಲಾಭ 7,000 ರೂ.; ಅಂದರೆ ಹೂಡಿಕೆಯ ಮೇಲೆ ಸುಮಾರು ಶೇ. 36.8. ಮೇಲುನೋಟಕ್ಕೆ ಶೇ. 60 ಲಾಭ ಕೊಡುವ ಅಗ್ಗದ ಸರಕೇ ಲೇಸೆನಿಸುತ್ತದೆ. ಆದರೆ ಸೋರುವ ಪ್ರತಿಯೊಂದು ಚೀಲವನ್ನು ಬದಲಿಸಿ ಕೊಟ್ಟಾಗ 500 ರೂ. ಕಳೆಯುತ್ತದೆ. ಐದು ಚೀಲಗಳು ಹಿಂದಿರುಗಿದರೆ ಉಳಿಯುವ ಲಾಭ 4,700 ರೂ., ಹೂಡಿಕೆಯ ಮೇಲೆ ಶೇ. 39.2. ಆರು ಹಿಂದಿರುಗಿದರೆ 4,200 ರೂ., ಅಂದರೆ ಶೇ. 35. ಹೀಗೆ ಆರನೆಯ ಚೀಲ ಹಿಂದಿರುಗಿದ ದಿನ ಅಗ್ಗದ ಸರಕು ಸೋಲುತ್ತದೆ. ತಮ್ಮ ಅಂಗಡಿಯಲ್ಲಿ 24ರಲ್ಲಿ ಎಷ್ಟು ಚೀಲಗಳು ಹಿಂದಿರುಗುತ್ತಿವೆ ಎಂಬುದನ್ನು ಬರೆದಿಡದ ವರ್ತಕರಿಗೆ ಯಾವ ಸರಕು ಲಾಭದ್ದೆಂಬುದು ತಿಳಿಯುವುದೇ ಇಲ್ಲ. ಅದಕ್ಕೊಂದು ಪ್ರತ್ಯೇಕ ಪುಟ ಇರಲಿ.

8. ಮಾರುವವರ ಹೊಣೆ

ಲೆಕ್ಕಪರಿಶೋಧನೆಯ ವೇಳೆ ಖರೀದಿ ಕಡತಗಳಲ್ಲಿ "ವಾಟರ್ ಬ್ಯಾಗ್, 24 ನಗ" ಎಂದಷ್ಟೇ ಬರೆದ ಬಿಲ್ಲುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ತಯಾರಕನ ಹೆಸರಿಲ್ಲ, ಆಮದುದಾರನ ವಿಳಾಸವಿಲ್ಲ. ಇದು ಬರೀ ಬರವಣಿಗೆಯ ಲೋಪವಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವಿದೆ. ಅದರ ಕಲಂ 86ರ ಪ್ರಕಾರ, ತಯಾರಕನು ಯಾರೆಂಬುದು ತಿಳಿಯದಿದ್ದಾಗ, ಅಥವಾ ತಿಳಿದರೂ ಅವನಿಗೆ ನೋಟಿಸ್ ತಲುಪಿಸಲಾಗದಿದ್ದಾಗ, ಅಥವಾ ಅವನು ಭಾರತದ ಕಾನೂನಿಗೆ ಒಳಪಡದವನಾಗಿದ್ದಾಗ, ದೋಷಯುಕ್ತ ಸರಕಿನಿಂದಾದ ಹಾನಿಗೆ ಮಾರಾಟಗಾರನೇ ಹೊಣೆಗಾರನಾಗಬಹುದು. ಹೆಸರಿಲ್ಲದ ವಿದೇಶಿ ಒಳಚೀಲವನ್ನು ಮಾರಿದವನು ಕಾನೂನಿನ ಮುಂದೆ ತಾನೇ ತಯಾರಕನ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಅದೇ ಕಲಮಿನ ಪ್ರಕಾರ ಸರಕನ್ನು ಪರಿಶೀಲಿಸುವಲ್ಲಿ ಯುಕ್ತ ಎಚ್ಚರಿಕೆ ವಹಿಸದಿರುವುದು, ತಯಾರಕನು ಕೊಟ್ಟ ಎಚ್ಚರಿಕೆ ಮತ್ತು ಬಳಕೆಯ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದಿರುವುದು, ತಯಾರಕನು ಹೇಳದ ಭರವಸೆಯನ್ನು ತಾನಾಗಿ ಕೊಡುವುದು, ಇವೂ ಹೊಣೆಗೆ ಗುರಿಮಾಡುತ್ತವೆ. "ಸೇನೆಯವರೇ ಬಳಸುವ ಚೀಲ, ಐದು ವರ್ಷ ಸೋರುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೆ ಮುಂಚೆ ಯೋಚಿಸಬೇಕು. ನಿರ್ಜನ ಬೆಟ್ಟದಲ್ಲಿ ನಡುಹಗಲು ನೀರೆಲ್ಲ ಸೋರಿಹೋಗಿ ಯುವಕನೊಬ್ಬ ಕುಸಿದುಬಿದ್ದರೆ, ಅಲ್ಲಿ ವಿಚಾರವಾಗುವುದು 800 ರೂ.ಗಳ ಚೀಲವಲ್ಲ, ಒಂದು ಜೀವ.

ಪೊಟ್ಟಣದಲ್ಲಿ ಮಾರುವ ಸರಕಿಗೆ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳು, 2011 ಅನ್ವಯಿಸುತ್ತವೆ. ತಯಾರಕನ ಅಥವಾ ಆಮದುದಾರನ ಹೆಸರು ಮತ್ತು ವಿಳಾಸ, ಸರಕಿನ ಹೆಸರು, ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ವಿವರ, ಆಮದು ಸರಕಾದರೆ ಮೂಲ ದೇಶ, ಇವೆಲ್ಲ ಇರತಕ್ಕದ್ದು.

ಸೈನಿಕ ವರ್ಣಚಿತ್ತಾರದ ಚೀಲಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. 2022ರ ಜನವರಿಯಲ್ಲಿ ಭಾರತೀಯ ಸೇನೆ ಪ್ರದರ್ಶಿಸಿದ ಹೊಸ ಯುದ್ಧ ಸಮವಸ್ತ್ರದ ಚಿತ್ತಾರ ಮತ್ತು ವಿನ್ಯಾಸವನ್ನು ಸೇನೆ ಅದೇ ವರ್ಷ ನೋಂದಾಯಿಸಿಕೊಂಡಿದೆ. ಅನುಮತಿಯಿಲ್ಲದೆ ಆ ಚಿತ್ತಾರದ ಸರಕನ್ನು ತಯಾರಿಸುವುದು, ಮಾರುವುದು ಕಾನೂನು ಕ್ರಮಕ್ಕೆ ದಾರಿಯಾಗುತ್ತದೆ. ಸಾದಾ ಹಸಿರು, ಕಂದು ಅಥವಾ ಖಾಕಿ ಬಣ್ಣದ ಚೀಲದಿಂದ ತರಬೇತಿಗೆ ಏನೂ ಕೊರತೆಯಾಗದು.

9. ಸರಕು ಮತ್ತು ಸೇವಾ ತೆರಿಗೆ

ಬೆನ್ನಚೀಲಗಳು ಎಚ್‌ಎಸ್‌ಎನ್ 4202ರ ಅಡಿಯಲ್ಲಿ ಬರುತ್ತವೆ, ದರ ಶೇ. 18. ಬಿಡಿಯಾಗಿ ಮಾರುವ ಪ್ಲಾಸ್ಟಿಕ್ ಒಳಚೀಲ 39ನೆಯ ಅಧ್ಯಾಯಕ್ಕೆ ಸೇರುತ್ತದೆ. ಅದರ ದರವೂ ಶೇ. 18. ದರ ಒಂದೇ ಆದರೂ ಬಿಲ್ಲಿನಲ್ಲಿ ಸಂಕೇತ ಸರಿಯಾಗಿರಬೇಕು. ಹತ್ತಿಯ ಕೈಚೀಲ ಮತ್ತು ಸಾಮಾನಿನ ಚೀಲಗಳಿಗಿರುವ ಕಡಿಮೆ ದರವನ್ನು ಕ್ಯಾನ್ವಾಸಿನ ಬೆನ್ನಚೀಲಕ್ಕೆ ಅನ್ವಯಿಸಿಕೊಳ್ಳುವಂತಿಲ್ಲ.

ಹೂಡುವಳಿ ತೆರಿಗೆ ಜಮೆ ದೊರೆಯಬೇಕಾದರೆ ಸರಬರಾಜುದಾರನು ಬಿಲ್ಲನ್ನು ತನ್ನ ವಿವರಪಟ್ಟಿಯಲ್ಲಿ ಸಲ್ಲಿಸಿರಬೇಕು; ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ರಾಜಿ ಪದ್ಧತಿಯಲ್ಲಿರುವ ವರ್ತಕರಿಗೆ ಈ ಜಮೆ ಇಲ್ಲವಾದುದರಿಂದ, ಅವರು ಶೇ. 18ನ್ನು ಅಸಲಿಗೆ ಸೇರಿಸಿಯೇ ಮೇಲಿನ ಲೆಕ್ಕವನ್ನು ಮಾಡಬೇಕು. ದೋಷವಿದ್ದು ಮಾರಲಾಗದೆ ಲೆಕ್ಕದಿಂದ ತೆಗೆದುಹಾಕಿದ ಸರಕು, ಉಚಿತ ಮಾದರಿ ಮತ್ತು ಉಡುಗೊರೆಯಾಗಿ ಕೊಟ್ಟ ಸರಕು, ಇವುಗಳ ಮೇಲಿನ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ ಕಲಂ 17(5) ತಡೆಯುತ್ತದೆ. ಕಾಲೇಜಿನ ಶಿಬಿರಕ್ಕೆ ಹತ್ತು ಚೀಲ ದಾನ ಕೊಡುವ ಸದಸ್ಯರು ಪಡೆದಿದ್ದ ಜಮೆಯನ್ನು ಹಿಂದಿರುಗಿಸಬೇಕೆಂಬುದನ್ನು ನೆನಪಿಡತಕ್ಕದ್ದು.

10. ಸಣ್ಣ ತಯಾರಕರಿಗೆ ಅವಕಾಶ

ಒಳಚೀಲದ ತಯಾರಿಕೆಗೆ ವಿಶೇಷ ಬೆಸುಗೆ ಯಂತ್ರಗಳು ಬೇಕು. ಅದು ಹೊಲಿಗೆ ಘಟಕಗಳ ಕೆಲಸವಲ್ಲ. ಆದರೆ ಹೊರಚೀಲದ ಹೊಲಿಗೆ ನಮ್ಮ ಶಾಲಾ ಬ್ಯಾಗು ಮತ್ತು ಸಮವಸ್ತ್ರ ಹೊಲಿಯುವ ಘಟಕಗಳ ಕೈಗೆಟಕುವಂಥದು. ಹೆಸರುಳ್ಳ ತಯಾರಕರಿಂದ ವರದಿಸಹಿತ ಒಳಚೀಲವನ್ನು ಕೊಂಡು, ಹೊರಚೀಲವನ್ನು ಇಲ್ಲಿಯೇ ಹೊಲಿದು ಜೋಡಿಸಬಹುದು. ಚಳ್ಳಕೆರೆ ಸೀಮೆಯ ಕಂಬಳಿಯ ಉಣ್ಣೆಬಟ್ಟೆಯನ್ನು ಒಳಚೀಲದ ಹೊದಿಕೆಯಾಗಿ ಬಳಸಿ ನೋಡುವುದು ಯೋಚಿಸಬಹುದಾದ ಪ್ರಯೋಗ. ಹಳೆಯ ಸೈನಿಕ ಬಾಟಲಿಗೆ ಉಣ್ಣೆ ಹೊದಿಸಿದ ತತ್ತ್ವವೇ ಇಲ್ಲಿಯೂ ಅನ್ವಯ.

ಸರ್ಕಾರಿ ಸಂಸ್ಥೆಗಳಿಗೆ ಮಾರುವ ಉದ್ದೇಶವಿದ್ದಲ್ಲಿ ಉದ್ಯಮ್ ನೋಂದಣಿ ಮತ್ತು ಜೆಮ್ ಜಾಲತಾಣದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ಸಂಸ್ಥೆಗಳು ತಮ್ಮ ವಾರ್ಷಿಕ ಖರೀದಿಯ ಕನಿಷ್ಠ ಶೇ. 25ನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂಬ ನೀತಿಯಿದೆ. ಅದರಲ್ಲಿ ಮಹಿಳಾ ಉದ್ಯಮಿಗಳಿಗೆ ಶೇ. 3, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 4 ಮೀಸಲು. ಆದರೆ ಈ ಸೌಲಭ್ಯ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. 2021ರ ಜುಲೈನಿಂದ ವರ್ತಕರಿಗೂ ಉದ್ಯಮ್ ನೋಂದಣಿ ದೊರೆಯುತ್ತಿದ್ದರೂ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ರಾಜ್ಯ ಇಲಾಖೆಗಳ ಖರೀದಿಗೆ ಕೆಟಿಪಿಪಿ ಕಾಯ್ದೆ, 1999ರ ನಿಯಮಗಳು ಬೇರೆಯಾಗಿವೆ.

ಸರಬರಾಜು ಮಾಡಿದ ಹಣ ಬಾರದಿರುವ ಭಯ ಸಣ್ಣ ತಯಾರಕರನ್ನು ಕಾಡುವುದು ಸಹಜ. ಎಂಎಸ್‌ಎಂಇಡಿ ಕಾಯ್ದೆ, 2006ರ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು ಯಾವುದೇ ಒಪ್ಪಂದವಿದ್ದರೂ 45 ದಿನಗಳೊಳಗೆ ಕೊಡಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ತೆರಬೇಕಾಗುತ್ತದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನು ಮುದ್ರಿಸಿಕೊಳ್ಳುವುದು ಇದಕ್ಕಾಗಿಯೇ.

ಕೊನೆಯದಾಗಿ

ಕೊಳ್ಳುವ ಮುನ್ನ, ತರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೆಳಗೆ ಕೊಡಲಾಗಿದೆ.

(ಅ) ಎಷ್ಟು ಗಂಟೆಯ ನಡಿಗೆ, ಎಷ್ಟು ತೂಕದ ವ್ಯಕ್ತಿ, ದಾರಿಯಲ್ಲಿ ನೀರಿದೆಯೇ?
(ಆ) ಒಳಚೀಲ ಯಾವ ಪ್ಲಾಸ್ಟಿಕ್‌ನದು, ಪರೀಕ್ಷಾ ವರದಿ ಇದೆಯೇ, ಕೈ ಹೋಗುವಷ್ಟು ಬಾಯಿ ಅಗಲವಿದೆಯೇ?
(ಇ) ರಾತ್ರಿಯಿಡೀ ತೂಕದ ಕೆಳಗೆ ಇಟ್ಟಾಗ ಸೋರದೆ ಉಳಿಯಿತೇ?
(ಈ) ಬದಲಿ ಒಳಚೀಲ ಮತ್ತು ವಾಲ್ವ್ ಬಿಡಿಯಾಗಿ ದೊರೆಯುತ್ತವೆಯೇ?
(ಉ) ತರಬೇತಿ ಕೇಂದ್ರ ಇದನ್ನು ಅನುಮತಿಸುತ್ತದೆಯೇ?
(ಊ) ಪೊಟ್ಟಣದ ಮೇಲೆಯೂ ಬಿಲ್ಲಿನಲ್ಲಿಯೂ ತಯಾರಕನ ಅಥವಾ ಆಮದುದಾರನ ಹೆಸರು, ವಿಳಾಸ ಇವೆಯೇ?

ಈ ಆರರಲ್ಲಿ ಕೊನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಉಳಿದ ಐದನ್ನು ಕೇಳುವ ಅಗತ್ಯವೇ ಇಲ್ಲ. ಆ ಸರಕನ್ನು ಅಂಗಡಿಯೊಳಗೆ ತರದಿರುವುದೇ ಕ್ಷೇಮ. ಸೋರುವ ಚೀಲ ಹೊತ್ತವನಿಗೆ ಅದು ತಿಳಿಯುವುದು ಬೆಟ್ಟದ ನೆತ್ತಿಯಲ್ಲಿ. ಮಾರಿದವರಿಗೆ ಅದು ಪೆಟ್ಟಿಗೆ ತೆರೆದ ದಿನವೇ, ಅಂಗಡಿಯಲ್ಲಿಯೇ ತಿಳಿದಿರಬೇಕು.